ಕೈತೋಟಗಳ ಗೇಟು ಎಲ್ಲರಿಗೂ ತೆರೆಯಲಿ

ಮಾನ್ಯರೇ,

ದಸರಾ ಫಲಪುಷ್ಪ ಪ್ರದರ್ಶನದ ಅಂಗವಾಗಿ ಮೈಸೂರಿನಲ್ಲಿ ಮನೆಯಂಗಳದ ಕೈತೋಟಗಳಿಗೂ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರು ಬಂದು ನೋಡುತ್ತಾರೆ, ಬಹುಮಾನ ಪ್ರಕಟವಾಗುತ್ತದೆ, ಅಲ್ಲಿಗೆ ಮುಗಿಯಿತು. ಪ್ರದರ್ಶನ ನಡೆಯುವ ಕುಪ್ಪಣ್ಣ ಪಾರ್ಕಿನಲ್ಲಿ ಹೂವು ಜೋಡಿಸಿ ನಿಲ್ಲಿಸಿದ ಆಕೃತಿಗಳ ಮುಂದೆ ನೂಕುನುಗ್ಗಲಿರುತ್ತದೆ. ಆದರೆ ಒಂದು ಗಿಡವನ್ನು ಹತ್ತಾರು ವರ್ಷ ಸವರಿ ಸಾಕಿದವರ ಅಂಗಳವನ್ನು ನೋಡುವ ಅವಕಾಶ ನಮ್ಮಂಥವರಿಗೆ ಸಿಗುವುದಿಲ್ಲ.

ಇದರ ನಷ್ಟ ನನಗೆ ತಿಳಿದದ್ದು ನಮ್ಮ ಮನೆಯ ಗಂಧರಾಜದಿಂದ. ಕೂಲಿಗೆ ಬಂದವರೊಬ್ಬರು ಫೆಬ್ರವರಿಯಲ್ಲಿ ದಾಸವಾಳ, ಕೇಪಳ, ಗಂಧರಾಜ ಎಂಬ ಭೇದವಿಲ್ಲದೆ ಎಲ್ಲವನ್ನೂ ಬೇಲಿ ಕತ್ತರಿಯಿಂದ ಚೆಂಡಿನಂತೆ ಉರುಟಾಗಿಸಿ ಹೋದರು. ನೋಡಲು ಅಂದವಾಗಿಯೇ ಇತ್ತು. ಆ ವರ್ಷ ಗಂಧರಾಜ ಒಂದೇ ಒಂದು ಹೂ ಬಿಡಲಿಲ್ಲ. ಎರಡು ಬೀದಿ ಆಚೆಯ ನಿವೃತ್ತ ಶಿಕ್ಷಕಿಯೊಬ್ಬರ ಅಂಗಳದಲ್ಲಿ ಅದೇ ಗಿಡ ಹೂವಿನಿಂದ ತುಂಬಿರುವುದನ್ನು ಕಂಡು, ಹತ್ತು ವರ್ಷ ಓಡಾಡಿದ ಬೀದಿಯ ಆ ಗೇಟನ್ನು ಮೊದಲ ಬಾರಿಗೆ ತಟ್ಟಿದೆ. ಗಂಧರಾಜದ ಮೊಗ್ಗು ಕೊಂಬೆಯ ತುದಿಯಲ್ಲಿ ಬಹಳ ಮೊದಲೇ ಸಿದ್ಧವಾಗುವುದರಿಂದ ಹೂ ಮುಗಿದ ಕೂಡಲೇ ಸವರಬೇಕೆಂದೂ, ಮಲ್ಲಿಗೆ ಇದಕ್ಕೆ ವಿರುದ್ಧವಾಗಿ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಡಿಸೆಂಬರ್ ಹೊತ್ತಿಗೆ ನೀರು ತಗ್ಗಿಸಿ, ನೆಲದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಉಳಿದುದನ್ನು ಧೈರ್ಯವಾಗಿ ತೆಗೆಯಬೇಕೆಂದೂ ಅವರು ಗಿಡದ ಬುಡದಲ್ಲಿ ಕೂತು ತೋರಿಸಿದರು. ಗುಲಾಬಿಯಲ್ಲಿ ಹೊರಮುಖದ ಕಣ್ಣಿನ, ಎಂದರೆ ಚಿಗುರೊಡೆಯುವ ಮೊಳಕೆಯ, ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮುಲಾಮು ಹಚ್ಚುವುದನ್ನು ಕಲಿತದ್ದೂ ಅಲ್ಲಿಯೇ. ಮೇಲುಮೇಲಕ್ಕೆ ಸಮ ಮಾಡುತ್ತ ಹೋದರೆ ಹೊರಗೆ ಎಲೆಯ ಗೋಡೆ ಬೆಳೆದು, ಒಳಗೆ ಗಾಳಿ ಬೆಳಕಿಲ್ಲದೆ ದಾಸವಾಳದಲ್ಲಿ ಹಿಟ್ಟು ತಿಗಣೆ ನೆಲೆಸುತ್ತದೆ ಎಂಬುದನ್ನು ಅವರು ಕೊಂಬೆ ಸರಿಸಿ ತೋರಿಸಿದಾಗಲೇ ನಂಬಿದೆ. ಕಣಗಿಲೆ ಕತ್ತರಿಸಿದ ಮೇಲೆ ಕೈ ತೊಳೆಯಬೇಕು, ಅದರ ಕಡ್ಡಿಗಳನ್ನು ಒಲೆಗೆ ಹಾಕಬಾರದು ಎಂದು ಎಚ್ಚರಿಸಿದರು. ಅದರ ಹಾಲು ವಿಷ. ಇಷ್ಟನ್ನು ಪುಸ್ತಕದಲ್ಲಿ ಓದಬಹುದು, ಆದರೆ ಯಾವ ಕಣ್ಣಿನ ಮೇಲೆ ಕತ್ತರಿ ಇಡಬೇಕೆಂಬುದು ಗಿಡದ ಮುಂದೆ ನಿಂತಾಗಲೇ ಅರ್ಥವಾಗುವುದು.

ಬೊಂಬೆ ಕೂರಿಸಿದ ಮನೆಗಳಿಗೆ ಅಷ್ಟೇನೂ ಪರಿಚಯವಿಲ್ಲದವರೂ ಹೋಗಿ ನೋಡಿ ಬರುವುದು ನಮ್ಮ ಊರಿಗೆ ಹೊಸದಲ್ಲ. ಅದೇ ನವರಾತ್ರಿಯಲ್ಲಿ ಒಂದು ಭಾನುವಾರ, ಸ್ಪರ್ಧೆಗೆ ಹೆಸರು ಕೊಟ್ಟವರ ಪೈಕಿ ಒಪ್ಪಿದವರ ತೋಟಗಳನ್ನು ತೆರೆದಿಟ್ಟು, ವಿಳಾಸ ಮತ್ತು ವೇಳೆಯ ಪಟ್ಟಿಯನ್ನು ಸಂಘಟಕರು ಮುಂಚಿತವಾಗಿ ಪ್ರಕಟಿಸಬಹುದು. ಇಂಗ್ಲೆಂಡಿನಲ್ಲಿ 1927ರಲ್ಲಿಯೇ 609 ತೋಟಗಳು ತಲೆಗೊಂದು ಶಿಲಿಂಗ್ ಪಡೆದು ಹೀಗೆ ತೆರೆದವು, ಸಂಗ್ರಹವಾದ ಹಣ ಮನೆಮನೆಗೆ ಹೋಗುವ ದಾದಿಯರ ಸೇವೆಗೆ ಸಂದಿತು. ನಮಗೆ ಶುಲ್ಕವೂ ಬೇಕಿಲ್ಲ. ಮಳೆ ಹಿಂಜರಿಯುವ ಆ ಹೊತ್ತು ಗುಲಾಬಿಯನ್ನೂ ಕಾಗದದ ಹೂವನ್ನೂ ಸವರುವ ಕಾಲವಾದ್ದರಿಂದ ಪ್ರಾತ್ಯಕ್ಷಿಕೆ ತಾನಾಗಿ ಒದಗುತ್ತದೆ. ಕತ್ತರಿಸಿದ ಪೆನ್ಸಿಲ್ ದಪ್ಪದ ಕಡ್ಡಿಗಳು ಈಗ ಕಸದ ಗಾಡಿಗೆ ಹೋಗುತ್ತವೆ, ಅಂದು ಬೊಂಬೆ ಬಾಗಿನದಂತೆ, ನೆಟ್ಟು ಬೆಳೆಸಲೆಂದು, ಬಂದವರ ಕೈ ಸೇರಲಿ. ಮಲ್ಲಿಗೆಗಾಗಿ ಡಿಸೆಂಬರಿನಲ್ಲಿ ಇನ್ನೊಂದು ದಿನ ಇಟ್ಟರೆ ಇನ್ನೂ ಒಳ್ಳೆಯದು.

ಬಂದವರು ಹೂ ಕಿತ್ತಾರೆಂಬ ಅಳುಕು ಮಾಲೀಕರಿಗೆ ಇರುವುದು ಸಹಜ. ಆದರೆ ಬೆಳಗಿನ ಜಾವ ಕಾಂಪೌಂಡಿನಾಚೆಯಿಂದ ಕೋಲಿನಲ್ಲಿ ಕೊಂಬೆ ಬಗ್ಗಿಸುವ ಭಕ್ತರಿಗಿಂತ, ಹಗಲು ಗೇಟಿನ ಮೂಲಕ ಬಂದು ಪ್ರಶ್ನೆ ಕೇಳುವವರಿಂದ ಗಿಡಕ್ಕೆ ಅಪಾಯ ಕಡಿಮೆಯೆಂದೇ ನನ್ನ ಎಣಿಕೆ. ಪಟ್ಟಿ ಮಾಡುವುದಾದರೆ ನಮ್ಮ ಹತ್ತಡಿ ಅಂಗಳವನ್ನೂ ಸೇರಿಸಿಕೊಳ್ಳಬಹುದು. ಗಂಧರಾಜ ಮಾತ್ರ ಇನ್ನೂ ಚೇತರಿಸಿಕೊಳ್ಳುತ್ತಿದೆ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು