ಮೂಳೆ ಮುರಿದವರ ನೆನಪನ್ನೂ ವಿಚಾರಿಸಿ

ಮಾನ್ಯರೇ,

ಹಿರಿಯರ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಮೂಳೆ ಸವೆತದ ಬಗ್ಗೆ ಒಂದು ವಾರ ಬರುತ್ತದೆ, ಮರೆವಿನ ಬಗ್ಗೆ ಇನ್ನೊಂದು ವಾರ. ಎರಡನ್ನೂ ಸೇರಿಸಿ ಬರೆದದ್ದು ಕಣ್ಣಿಗೆ ಬೀಳುವುದು ಅಪರೂಪ. ಆಸ್ಪತ್ರೆಗೆ ಹೋದರೂ ಮೂಳೆ ಡಾಕ್ಟರು ಬೇರೆ, ನರರೋಗದ ಡಾಕ್ಟರು ಬೇರೆ. ಆದರೆ ಬೀಳುವವರು, ಮರೆಯುವವರು ಎಷ್ಟೋ ಸಲ ಒಬ್ಬರೇ ಆಗಿರುತ್ತಾರೆ.

ಇದಕ್ಕೆ ಆಧಾರ ಇದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಹಿರಿಯರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದ ಅಧ್ಯಯನವೊಂದಿದೆ. ಅದರ ಒಂದು ವರದಿ 2023ರಲ್ಲಿ ಬಂತು. ಡಿಮೆನ್ಷಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಇಲ್ಲದ 3,651 ಜನ, ಸರಾಸರಿ ವಯಸ್ಸು 72. ಸುಮಾರು 11 ವರ್ಷಗಳಲ್ಲಿ ಅವರಲ್ಲಿ 688 ಜನರಿಗೆ ಡಿಮೆನ್ಷಿಯಾ ಬಂತು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆಯ ಸಾಂದ್ರತೆ ತೀರಾ ಕಡಿಮೆ ಇದ್ದವರಿಗೆ, ಚೆನ್ನಾಗಿದ್ದವರಿಗೆ ಹೋಲಿಸಿದರೆ ಮೊದಲ ಹತ್ತು ವರ್ಷಗಳಲ್ಲಿ ಅಪಾಯ ಸುಮಾರು ಎರಡು ಪಟ್ಟು ಇತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 2005ರಲ್ಲೇ ಹೆಂಗಸರ ವಿಷಯದಲ್ಲಿ ಇಂಥದ್ದೇ ನಂಟನ್ನು ತೋರಿಸಿತ್ತು.

ಹಾಗಂತ ಮೂಳೆ ಸವೆದರೆ ಮರೆವು ಬಂದೇ ಬರುತ್ತದೆ ಅಂತಲ್ಲ. ಡಿಮೆನ್ಷಿಯಾ ಹೊರಗೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತದೆ. ಆಗಿನಿಂದಲೇ ಊಟ, ಓಡಾಟ, ಬಿಸಿಲು ಎಲ್ಲ ಕಡಿಮೆಯಾಗಿ ಮೂಳೆ ಸೊರಗಿರಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿಯುವುದು, ವಿಟಮಿನ್ ಡಿ ಕೊರತೆ, ಕೂತಲ್ಲೇ ಕೂರುವುದು, ಧೂಮಪಾನ, ಇವುಗಳ ನಂಟು ಎರಡರ ಜೊತೆಗೂ ಕಂಡಿದೆ. ಮೂಳೆಯಲ್ಲಿ ತಯಾರಾಗುವ ಆಸ್ಟಿಯೋಕ್ಯಾಲ್ಸಿನ್ ಅನ್ನುವ ಹಾರ್ಮೋನು ಇಲಿಗಳ ಮಿದುಳನ್ನು ತಲುಪಿ ನೆನಪಿಗೆ ನೆರವಾಗುವುದೂ ಕಂಡಿದೆ. ಆದರೆ ಅದು ಇಲಿಗಳ ಮಾತು. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮರೆವು ಬರಲ್ಲ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ನಂಬಬೇಡಿ.

ಕಾರಣ ಏನೇ ಇರಲಿ, ಆರೈಕೆಯಲ್ಲಿ ಈ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ನಡೆಯುವುದು ಕಾಲಿನ ಕೆಲಸ ಮಾತ್ರ ಅಲ್ಲ, ಗಮನದ ಕೆಲಸವೂ ಹೌದು. 1997ರಲ್ಲಿ ಸ್ವೀಡನ್‌ನ ಸಂಶೋಧಕರು ತುಂಬಾ ಸರಳವಾದ ಒಂದು ವಿಷಯ ಗಮನಿಸಿದರು. ಜೊತೆಯಲ್ಲಿ ನಡೆಯುತ್ತಾ ಮಾತಾಡಿಸಿದಾಗ ಕೆಲವು ಹಿರಿಯರು ಉತ್ತರ ಕೊಡಲು ನಿಂತುಬಿಡುತ್ತಿದ್ದರು. ಅಂಥವರಲ್ಲಿ ಹೆಚ್ಚಿನವರು ಮುಂದಿನ ಆರು ತಿಂಗಳಲ್ಲಿ ಬಿದ್ದರು. ಇದನ್ನು ಮನೆಯವರೂ ಗಮನಿಸಬಹುದು, ಅಲ್ವಾ? ಯಂತ್ರ ಬೇಡ, ಖರ್ಚಿಲ್ಲ.

ನಮ್ಮ ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆಪರೇಷನ್ ಚೆನ್ನಾಗಿಯೇ ಆಯಿತು. ಆ ರಾತ್ರಿ ಅವರು ಡ್ರಿಪ್ ಕಿತ್ತುಹಾಕಿದರು. ಮಗನನ್ನೇ ‘ನೀವ್ಯಾರು’ ಎಂದು ಕೇಳಿದರು. ‘ವಯಸ್ಸಾಯ್ತಲ್ಲ, ಹೀಗೆಲ್ಲ ಆಗುತ್ತೆ’ ಎಂದು ವಾರ್ಡಿನಲ್ಲಿ ಹೇಳಿ ಕಳಿಸಿದರು. ಹೀಗೆ ದಿಢೀರ್ ಎಂದು ಬರುವ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಸೊಂಟ ಮುರಿದ ಹಿರಿಯರಲ್ಲಿ ಇದು ತುಂಬಾ ಸಾಮಾನ್ಯ. ಮೊದಲೇ ನೆನಪಿನ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ. ಇದು ಬಂದುಹೋದವರಿಗೆ ಮುಂದೆ ಡಿಮೆನ್ಷಿಯಾ ಬರುವ ಅಪಾಯವೂ ಹೆಚ್ಚು. ನೋವಿಗೆ ಸರಿಯಾಗಿ ಔಷಧ ಕೊಡುವುದು, ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಕೈಗೆ ಸಿಗುವ ಹಾಗೆ ಇಡುವುದು, ರಾತ್ರಿ ನಿದ್ದೆ ಕೆಡಿಸದಿರುವುದು, ಬೇಗ ಎಬ್ಬಿಸಿ ನಡೆಸುವುದು, ಇಷ್ಟರಿಂದಲೇ ಎಷ್ಟೋ ಮಂದಿಯಲ್ಲಿ ಇದನ್ನು ತಡೆಯಬಹುದು. ಅತ್ತೆಯವರ ಕನ್ನಡಕ ಆ ರಾತ್ರಿ ನಮ್ಮ ಬ್ಯಾಗಿನಲ್ಲಿತ್ತು. ಕೊಡಿ ಎಂದು ಯಾರೂ ಕೇಳಲಿಲ್ಲ.

ಇನ್ನು ಮಾತ್ರೆಯ ವಿಷಯ. ಮೂಳೆ ಸವೆತಕ್ಕೆ ಬಹಳ ಜನರಿಗೆ ಬರೆದುಕೊಡುವುದು ಅಲೆಂಡ್ರೊನೇಟ್. ಸಾಮಾನ್ಯವಾಗಿ ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬಾ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು. ತಪ್ಪಿದರೆ ಅನ್ನನಾಳ ಸುಡಬಹುದು, ಔಷಧವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇವತ್ತು ಯಾವ ವಾರ ಎಂದು ನೆನಪಿರದವರ ಕೈಗೆ ಇಂಥ ಚೀಟಿ ಕೊಟ್ಟು ಕಳಿಸಿದರೆ ಏನು ಪ್ರಯೋಜನ? ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಜೊಲೆಡ್ರೊನಿಕ್ ಆಸಿಡ್ ಇದೆ. ಅದು ಯಾರಿಗೆ ಹೊಂದುತ್ತದೆ ಎಂದು ಡಾಕ್ಟರೇ ಹೇಳಬೇಕು. ಆದರೆ ನೆನಪು ಹೇಗಿದೆ ಎಂದು ಕೇಳದೆ ಆ ಪ್ರಶ್ನೆಯೇ ಏಳುವುದಿಲ್ಲ. ನಿದ್ದೆ ಮಾತ್ರೆಗಳದ್ದೂ ಇದೇ ಪಾಡು. ಅವು ತಲೆಯನ್ನೂ ಮಂಕು ಮಾಡುತ್ತವೆ, ಕಾಲು ತಡವರಿಸುವಂತೆಯೂ ಮಾಡುತ್ತವೆ. ವರ್ಷಗಟ್ಟಲೆ ಸುಮ್ನೆ ಮುಂದುವರಿಸುವವರು ಎಷ್ಟೋ ಜನ. ತಾವಾಗಿಯೇ ದಿಢೀರ್ ಎಂದು ನಿಲ್ಲಿಸಬಾರದು, ಡಾಕ್ಟರ ಹತ್ತಿರ ಕೇಳಿ ಇಳಿಸಬೇಕು.

ಬ್ರಿಟನ್ನಿನಲ್ಲಿ ಸೊಂಟ ಮುರಿದು ಬಂದ ಹಿರಿಯರ ನೆನಪನ್ನು ಪರೀಕ್ಷಿಸಿ, ಮೂಳೆ ತಜ್ಞರ ಜೊತೆ ವೃದ್ಧಾಪ್ಯ ತಜ್ಞರೂ ನೋಡಿಕೊಳ್ಳುವ ಪದ್ಧತಿ ಇದೆ. ಎಲ್ಲ ಕಡೆ ಅಷ್ಟು ತಜ್ಞರು ಸಿಗಲಿಕ್ಕಿಲ್ಲ. ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆ ಪದಗಳನ್ನು ಮತ್ತೆ ಕೇಳುವ ಮಿನಿ-ಕಾಗ್ ಪರೀಕ್ಷೆಗೆ ಮೂರ್ನಾಲ್ಕು ನಿಮಿಷ ಸಾಕು. ಇದಕ್ಕೆ ತಜ್ಞರೇ ಬೇಕೆಂದಿಲ್ಲ, ತರಬೇತಿ ಪಡೆದ ನರ್ಸ್ ಮಾಡಬಹುದು. ಆಪರೇಷನ್ ಆದ ಕೂಡಲೇ ಬೇಡ, ಗೊಂದಲ ಇಳಿದ ಮೇಲೆ ಮಾಡಲಿ. ಹಾಗೆಯೇ ಮರೆವು ಎಂದು ಬಂದವರನ್ನು ‘ಈ ವರ್ಷ ಎಲ್ಲಾದರೂ ಬಿದ್ದಿದ್ದೀರಾ?’ ಎಂದು ಕೇಳಲಿ, ಅಗತ್ಯ ಕಂಡರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆಯಲಿ. ಡಿಸ್ಚಾರ್ಜ್ ಚೀಟಿಯಲ್ಲಿ ನೆನಪಿನ ಬಗ್ಗೆ ಒಂದು ಸಾಲು ಕಡ್ಡಾಯವಾಗಲಿ ಎಂದು ಆಸ್ಪತ್ರೆ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ಆ ಸಾಲು ಇಲ್ಲದಿದ್ದರೆ ಮನೆಯವರು ಹೊರಡುವ ಮುಂಚೆ ಕೇಳಿ ಬರೆಸಿಕೊಳ್ಳಲಿ.

– ಒಬ್ಬ ಓದುಗರು