ರೂಮು ಮುಚ್ಚುತ್ತೇವೆ, ಬೇಕರಿ ಮುಚ್ಚಲ್ಲ

ಹಳೇ ಮೈಸೂರು ರಸ್ತೆಯ ನಮ್ಮ ಗ್ರಾಹಕರಿಗೆ ಚನ್ನಪಟ್ಟಣದಿಂದ ನಮಸ್ಕಾರ.

ಮುಂದಿನ ತಿಂಗಳಿಂದ ಮಹಡಿಯ ರೂಮುಗಳನ್ನು ಬಾಡಿಗೆಗೆ ಕೊಡುವುದಿಲ್ಲ. ಅಡ್ವಾನ್ಸ್ ಕೊಟ್ಟವರಿಗೆ ಪೂರ್ತಿ ಹಣ ವಾಪಸ್. ಕೆಳಗಿನ ಬೇಕರಿ ಎಂದಿನಂತೆ ತೆರೆದಿರುತ್ತದೆ, ಆದರೆ ಸೌದೆ ಓವನ್ ಹಚ್ಚುವುದು ಗುರುವಾರದಿಂದ ಭಾನುವಾರದವರೆಗೆ ಮಾತ್ರ. ಉಳಿದ ದಿನ ಬಿಸ್ಕತ್ತು, ರಸ್ಕು, ಕಾಫಿ ಇರುತ್ತದೆ. ಬಿಸಿ ಬ್ರೆಡ್, ಖಾರಾ ಬನ್ ಇರಲ್ಲ. ಅಪ್ಪ ಅಮ್ಮನ ಕೈ ಹಿಡಿದು ಬಂದವರು ಈಗ ಮಕ್ಕಳನ್ನು ಕರೆದುಕೊಂಡು ಬರುತ್ತೀರಿ. ನಿಮಗೆ ಬೇಜಾರಾಗುತ್ತದೆ, ಕ್ಷಮಿಸಿ.

ಕಾರಣ ನಿಮಗೂ ಗೊತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ ಎರಡೂ ಊರನ್ನು ಹೊರಗಿನಿಂದಲೇ ದಾಟಿಸುತ್ತದೆ. ಒಂದೂವರೆ ಗಂಟೆಯಲ್ಲಿ ಮೈಸೂರು ಸೇರುವವರಿಗೆ ನಡುವೆ ರೂಮು ಯಾಕೆ? ರಸ್ತೆಯನ್ನು ಬೈಯುತ್ತಿಲ್ಲ. ಅವಸರವಿದ್ದರೆ ನಾವೂ ಅದರಲ್ಲೇ ಹೋಗುತ್ತೇವೆ.

ಆದರೆ ಒಂದು ಮಾತಿಗೆ ಉತ್ತರ ಕೊಡಲೇಬೇಕು. ‘ಜಿಎಸ್‌ಟಿ ಇಳೀತಲ್ಲ, ನೀವ್ಯಾಕೆ ರೇಟು ಇಳಿಸಲಿಲ್ಲ?’ ಗಲ್ಲಾ ಮುಂದೆ ಇದನ್ನು ಕೇಳಿ ಕೇಳಿ ಸಾಕಾಗಿದೆ. 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದದ್ದು ನಿಜ. ಆದರೆ ನಾವು ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಕಾಂಪೊಸಿಷನ್ ಸ್ಕೀಮಿನಲ್ಲಿರುವ ಅಂಗಡಿ. ವ್ಯಾಪಾರದ ಮೇಲೆ ಇಷ್ಟು ಅಂತ ನಮ್ಮ ಕೈಯಿಂದ ಕಟ್ಟುತ್ತೇವೆ, ನಿಮ್ಮ ಬಿಲ್ಲಿಗೆ ತೆರಿಗೆ ಸೇರಿಸುವ ಹಾಗೇ ಇಲ್ಲ. ಹಳೇ ಬಿಲ್ ಇದ್ದರೆ ತೆಗೆದು ನೋಡಿ. ಹಾಕದೇ ಇದ್ದ ತೆರಿಗೆಯನ್ನು ಇಳಿಸುವುದು ಹೇಗೆ? ಬ್ರೆಡ್ಡಿಗಂತೂ ಮೊದಲಿಂದಲೂ ಜಿಎಸ್‌ಟಿ ಇಲ್ಲ. ನಾವು ಕೊಳ್ಳುವ ಬೆಣ್ಣೆಗೆ ಮಾತ್ರ ಶೇ. 12 ಇದ್ದದ್ದು 5 ಆಯಿತು. ಅದಕ್ಕೇ ಬೆಣ್ಣೆ ಬಿಸ್ಕತ್ತಿನ ರೇಟು ಇಳಿಸಿದೆವು. ಅದನ್ನು ಯಾರೂ ಹೇಳಲ್ಲ ನೋಡಿ! ಅದೇ ವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಕಾಫಿ ರೇಟು ಮುಟ್ಟಲಿಲ್ಲ, ಅದನ್ನೂ ಯಾರೂ ಹೇಳಲ್ಲ.

ನಿಜವಾದ ಹೊರೆ ಸೌದೆಯದು. ಇಟ್ಟಿಗೆ ಓವನ್ನಿಗೆ ರಾತ್ರಿಯೇ ಬೆಂಕಿ ಹಾಕಬೇಕು. ಗೋಡೆ, ನೆಲ ಎಲ್ಲ ಕಾದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಿಂದ ಒರೆಸಿ, ಆಮೇಲೆ ಬ್ರೆಡ್ ಇಡುವುದು. ಐವತ್ತು ಬ್ರೆಡ್ಡಿಗೂ ಮುನ್ನೂರು ಬ್ರೆಡ್ಡಿಗೂ ಸೌದೆ ಹೆಚ್ಚುಕಮ್ಮಿ ಅಷ್ಟೇ. ಸೋಮವಾರ ಐವತ್ತು ಖರ್ಚಾಗುವುದೂ ಕಷ್ಟ. ‘ಕರೆಂಟ್ ಓವನ್ ಹಾಕಿ, ಹೈವೇ ಪಕ್ಕ ಅಂಗಡಿ ಮಾಡಿ’ ಅನ್ನುತ್ತೀರಿ. ಆ ಬಾಡಿಗೆ ಕಟ್ಟಿದರೆ ಆಗ ನಿಜಕ್ಕೂ ರೇಟು ಏರಿಸಬೇಕಾಗುತ್ತದೆ. ಕರೆಂಟ್ ಓವನ್ ಬ್ರೆಡ್ ಎಲ್ಲಾ ಕಡೆ ಸಿಗುತ್ತದೆ, ಅದಕ್ಕೆ ಇಲ್ಲಿಯವರೆಗೆ ಯಾಕೆ ಬರಬೇಕು ಹೇಳಿ?

ಇನ್ನೊಂದು ಗಾಳಿಸುದ್ದಿ: ಬೇಕರಿ ಮಾರುತ್ತಾರಂತೆ ಅಂತ. ಸುಳ್ಳು. ಮಾರುವುದಾದರೆ ನಿಮಗೆ ಮೊದಲು ಹೇಳುತ್ತೇವೆ. ರೂಮು ಇಲ್ಲದಿದ್ದರೂ ಗಾಡಿ ನಿಲ್ಲಿಸಿ ಮುಖ ತೊಳೆದು, ಮಕ್ಕಳನ್ನು ಸ್ವಲ್ಪ ಮಲಗಿಸಲು ಒಳಗಿನ ಬೆಂಚು ಇದೆ, ಅದಕ್ಕೆ ದುಡ್ಡಿಲ್ಲ. ಬೆಂಗಳೂರಿಂದ ಬರುವವರು ರಾಮನಗರ ಬೈಪಾಸಿಗೆ ಮೊದಲೇ ಸರ್ವಿಸ್ ರಸ್ತೆಗೆ ಇಳಿದು ಹಳೇ ರಸ್ತೆ ಹಿಡಿಯಿರಿ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಹೇಗೂ ಇಲ್ಲ, ನೀವು ನಮ್ಮವರೇ. ದಿಲ್‌ಪಸಂದ್ ಬೇಕಾದವರು ಹಿಂದಿನ ದಿನವೇ ಫೋನ್ ಮಾಡಿ, ಭಾನುವಾರ ಹನ್ನೊಂದರೊಳಗೆ ಖಾಲಿಯಾಗುತ್ತದೆ.

ಇಂತಿ,
ನಿಮ್ಮ ಬೇಕರಿಯವರು