ಮಗಳಿಗೊಂದು ಪತ್ರ: ಫೋನಿನ ಬೆನ್ನಿಗೆ ಅಂಟುವ ಬ್ಯಾಟರಿ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಎರಡೂ ಪವರ್ ಬ್ಯಾಂಕ್‌ಗಳ ವಿವರ ಓದಿದೆ. ಒಂದು ತೆಳ್ಳಗಿನ 5000 ಎಂಎಎಚ್, ಇನ್ನೊಂದು ದಪ್ಪನೆಯ 10000 ಎಂಎಎಚ್. ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿದಿಡುತ್ತದೆ ಅನ್ನುವ ಅಳತೆ. ಎರಡೂ ಮ್ಯಾಗ್ನೆಟ್‌ನಿಂದ ಫೋನಿನ ಬೆನ್ನಿಗೆ ಕಚ್ಚಿಕೊಳ್ಳುವಂಥವು. ‘ಅಮ್ಮಾ, ದೊಡ್ಡದೇ ತಗೊಂಡುಬಿಡಲಾ?’ ಅಂತ ಕೇಳಿದ್ದೀಯ. ಬೇಡ ಕಣೇ, ಚಿಕ್ಕದೇ ತಗೋ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ದಿನ ಹೇಗಿರುತ್ತದೆ ನೋಡು. ಬೆಳಿಗ್ಗೆ ಪೂರ್ತಿ ಚಾರ್ಜ್ ಆದ ಫೋನ್ ಹಿಡಿದು ಹೊರಡುತ್ತೀಯ. ಕೆಲಸ ಮುಗಿಸಿ ಹೊರಗೆ ಕಾಲಿಡುವಾಗ 15 ಪರ್ಸೆಂಟ್ ಉಳಿದಿದ್ದರೆ ಹೆಚ್ಚು. ಆಮೇಲೆ ಮ್ಯಾಪ್ ಬೇಕು, ಗಾಡಿ ಬುಕ್ ಮಾಡಬೇಕು, ದುಡ್ಡು ಕೊಡುವುದಕ್ಕೂ ಅದೇ ಫೋನ್ ಬೇಕು. ನನಗೊಂದು ಕಾಲ್ ಮಾಡಬೇಕು. ಕತ್ತಲಾದ ಮೇಲೆ ನಿನ್ನ ನಂಬರ್ ಸ್ವಿಚ್ ಆಫ್ ಅಂತ ಬಂದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ, ನಿನಗೆ ಗೊತ್ತಲ್ವಾ? ನಿನಗೆ ಬೇಕಾಗಿರುವುದು ಮನೆ ಸೇರುವವರೆಗಿನ ಎರಡು ಮೂರು ಗಂಟೆಯ ಕರೆಂಟ್. ಅದನ್ನು ಕೊಡುವ ಪ್ಯಾಕ್ ದಿನಾ ನಿನ್ನ ಬ್ಯಾಗಿನಲ್ಲಿ ಇರಬೇಕು. ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗುವಂಥದ್ದು ಎಷ್ಟು ದೊಡ್ಡದಿದ್ದರೂ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ನಿನ್ನ ಐಫೋನ್ 15 ತೂಗುವುದು 171 ಗ್ರಾಂ. 10000ದ ಮ್ಯಾಗ್ನೆಟ್ ಪ್ಯಾಕ್‌ಗಳಲ್ಲಿ ಬಹಳಷ್ಟು 200 ಗ್ರಾಂ ದಾಟುತ್ತವೆ. ಅಂದರೆ ಫೋನಿಗಿಂತ ಅದರ ಬೆನ್ನಿಗೆ ಅಂಟಿದ ಪೆಟ್ಟಿಗೆಯೇ ಭಾರ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತುಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ಟೈಪ್ ಮಾಡುವುದು ಕಷ್ಟ. ಜಾರಿ ಬಿದ್ದರೆ ಫೋನೂ ಹೋಯಿತು, ಪ್ಯಾಕೂ ಹೋಯಿತು.

ಈಗ ಆ ಸಂಖ್ಯೆಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು. 5000 ಎಂಎಎಚ್ ಪ್ಯಾಕ್, ನಿನ್ನ ಫೋನಿನ ಬ್ಯಾಟರಿ 3349 ಎಂಎಎಚ್. ಹಾಗಾದರೆ ಒಂದೂವರೆ ಸಲ ತುಂಬುತ್ತದೆ ಅಂತ ನೀನು ಲೆಕ್ಕ ಹಾಕಿರುತ್ತೀಯ. ಹಾಗಾಗುವುದಿಲ್ಲ. ಒಳಗಿನ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಇದೆ ಅಂತ ತಿಳಿಯಲು ವಾಟ್-ಅವರ್ ನೋಡಬೇಕು. 5000 ಎಂಎಎಚ್ ಅಂದರೆ 5 ಆಂಪಿಯರ್-ಅವರ್. ಅದನ್ನು ಇಂಥ ಬ್ಯಾಟರಿಯ ವೋಲ್ಟೇಜ್ ಆದ 3.7 ವೋಲ್ಟ್‌ನಿಂದ ಗುಣಿಸಿದರೆ 18.5 ವಾಟ್-ಅವರ್. ನಿನ್ನ ಫೋನಿನದು ಸುಮಾರು 13. ಇಲ್ಲಿಯವರೆಗೂ ಒಂದೂವರೆಯ ಹತ್ತಿರವೇ ಇದೆ, ಸರಿ. ಆದರೆ ಆ 18.5 ಪೂರ್ತಿಯಾಗಿ ನಿನ್ನ ಫೋನಿಗೆ ಇಳಿಯುವುದಿಲ್ಲ. ಪ್ಯಾಕಿನೊಳಗೆ ತಂತಿ ಸುರುಳಿ ಇದೆ, ಫೋನಿನೊಳಗೆ ಇನ್ನೊಂದು. ಮೊದಲ ಸುರುಳಿಯಲ್ಲಿ ಕರೆಂಟ್ ಏರಿಳಿಯುವಾಗ ಎರಡನೆಯದರಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ಅದೇ ತತ್ವ, ನೀನು ಶಾಲೆಯಲ್ಲಿ ಓದಿದ್ದು. ಈ ದಾಟುವಿಕೆಯಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ವೋಲ್ಟೇಜ್ ಬದಲಾಯಿಸುವಾಗ ಇನ್ನೊಂದಷ್ಟು. ಕೊನೆಗೆ 5000ದ ಪ್ಯಾಕ್ ನಿನ್ನ ಫೋನನ್ನು ಸೊನ್ನೆಯಿಂದ ಪೂರ್ತಿ ತುಂಬಿಸುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಕೊಡುತ್ತದೆ ಅಂದುಕೊ. ಚಾರ್ಜ್ ಆಗುವಾಗಲೇ ಮ್ಯಾಪ್ ಓಡುತ್ತಿದ್ದರೆ ಇನ್ನೂ ಕಡಿಮೆ. ಆದರೂ 15 ಪರ್ಸೆಂಟ್‌ನಿಂದ ಮನೆಯವರೆಗೆ ಬರಲು ಧಾರಾಳವಾಗಿ ಸಾಕು.

ಒಳ್ಳೆಯ ಕಂಪನಿಗಳು ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಪ್ಯಾಕಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ ಇನ್ನೊಂದು ಸಂಖ್ಯೆ ಬರೆದಿರುತ್ತಾರೆ. ಅದು ದೊಡ್ಡ ಅಕ್ಷರದ 5000ಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಅದನ್ನು ನೋಡಿ ಹೆದರಬೇಡ, ನಿಜ ಹೇಳುವ ಸಂಖ್ಯೆ ಅದೇ. ಅದನ್ನು ಬರೆಯದೇ ಇರುವವರನ್ನು ಕಂಡರೆ ನನಗೆ ಅನುಮಾನ. ಹಾಗೆಯೇ ಬೆರಳಿನಷ್ಟೂ ದಪ್ಪವಿಲ್ಲದ, ಎತ್ತಿದರೆ ಹಗುರವಾದ ಡಬ್ಬಿಗೆ 20000 ಅಂತ ಬರೆದಿದ್ದರೆ ಅದನ್ನು ನಂಬಲೇಬೇಡ. 5000ದ ಪ್ಯಾಕಿನಲ್ಲಿ ಬರೀ ಬ್ಯಾಟರಿಯ ತೂಕವೇ 80 ಗ್ರಾಂ ಆಸುಪಾಸು. ಅದರ ಮೇಲೆ ಸುರುಳಿ, ಮ್ಯಾಗ್ನೆಟ್, ಹೊರಕವಚ ಬೇರೆ. ತೂಕಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಇನ್ನು ನೀನು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆಯೇ ಇದೆ. ನೀನು ಕಳಿಸಿದ್ದರಲ್ಲಿ ಒಂದರ ಮೇಲೆ ‘ಮ್ಯಾಗ್‌ಸೇಫ್ ಕಂಪ್ಯಾಟಿಬಲ್’ ಅಂತ ಮಾತ್ರ ಇದೆ. ಇನ್ನೊಂದರ ಮೇಲೆ ‘ಚೀ 2’ ಗುರುತು ಇದೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಕ್ಯೂ ಮತ್ತು ಐ ಅಂತ ಎರಡು ಅಕ್ಷರ, ಪಕ್ಕದಲ್ಲಿ 2 ಕಾಣುತ್ತದಲ್ಲ, ಅದೇ. ಎರಡೂ ಅಂಟಿಕೊಳ್ಳುತ್ತವೆ, ಆದರೆ ಎರಡೂ ಒಂದೇ ಅಲ್ಲ.

ಆಪಲ್ 2020ರಲ್ಲಿ ಐಫೋನ್ 12ರ ಜೊತೆ ಸುರುಳಿಯ ಸುತ್ತ ಮ್ಯಾಗ್ನೆಟ್‌ಗಳ ಉಂಗುರ ಇಟ್ಟಿತು. ಮ್ಯಾಗ್‌ಸೇಫ್ ಅನ್ನುವುದು ಅದಕ್ಕೆ ಆಪಲ್ ಇಟ್ಟ ಹೆಸರು. ಅದಕ್ಕಿಂತ ಮುಂಚೆ ವೈರ್‌ಲೆಸ್ ಚಾರ್ಜಿಂಗ್ ಇತ್ತು, ಆದರೆ ಫೋನನ್ನು ಸರಿಯಾದ ಜಾಗದಲ್ಲಿ ಇಡದಿದ್ದರೆ ಸುರುಳಿ ಸುರುಳಿಗೆ ಎದುರಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಫೋನ್ ಬಿಸಿ, ಚಾರ್ಜ್ ಮಾತ್ರ ಇಲ್ಲ. ಮ್ಯಾಗ್ನೆಟ್ ಬಂದ ಮೇಲೆ ಅದೇ ಎಳೆದು ಸರಿಯಾಗಿ ಕೂರಿಸುತ್ತದೆ. ಈ ವಿನ್ಯಾಸವನ್ನು ಆಪಲ್ ವೈರ್‌ಲೆಸ್ ಪವರ್ ಕನ್ಸಾರ್ಷಿಯಂಗೆ ಕೊಟ್ಟಿತು. ಬೇರೆ ಬೇರೆ ಕಂಪನಿಗಳು ಸೇರಿ 2008ರಲ್ಲಿ ಶುರು ಮಾಡಿದ ಸಂಸ್ಥೆ ಅದು. 2023ರಲ್ಲಿ ಅವರು ಅದನ್ನೇ ಆಧಾರ ಮಾಡಿಕೊಂಡು ಚೀ 2 ಅನ್ನುವ ಗುಣಮಟ್ಟವನ್ನು ತಂದರು. ಆ ಗುರುತು ಹಾಕಿಕೊಳ್ಳಬೇಕಾದರೆ ಪ್ಯಾಕ್ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಮಧ್ಯೆ ಲೋಹದ ತುಂಡೇನಾದರೂ ಸಿಕ್ಕಿಕೊಂಡರೆ ಪತ್ತೆ ಹಚ್ಚಬೇಕು, ಫೋನಿನ ಜೊತೆ ಮಾತಾಡಿ ಎಷ್ಟು ಕರೆಂಟ್ ಬೇಕೋ ಅಷ್ಟೇ ಕೊಡಬೇಕು. ನಿನ್ನ ಫೋನಿಗೆ ಚೀ 2 ಪ್ಯಾಕ್‌ನಿಂದ 15 ವಾಟ್‌ವರೆಗೆ ಸಿಗಬಹುದು. ಬರೀ ‘ಕಂಪ್ಯಾಟಿಬಲ್’ ಅಂದಿರುವುದರಲ್ಲಿ ಸಾಮಾನ್ಯವಾಗಿ 7.5 ವಾಟ್. ಅರ್ಧಕ್ಕೆ ಅರ್ಧ ವ್ಯತ್ಯಾಸ. ಬಿಸಿಯಾದಾಗ ಫೋನೇ ವೇಗ ಇಳಿಸುತ್ತದೆ, ಹಾಗಾಗಿ 15 ಅನ್ನುವುದು ಇಡೀ ಹೊತ್ತು ಇರುವುದಿಲ್ಲ. ಆದರೂ ಅವಸರದ ಅರ್ಧ ಗಂಟೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಗುರುತನ್ನು ಯಾರು ಬೇಕಾದರೂ ಪ್ರಿಂಟ್ ಮಾಡಿಸಬಹುದು, ನಿಜ. ಅದಕ್ಕೆ ಆ ಸಂಸ್ಥೆಯ ಜಾಲತಾಣದಲ್ಲಿ ಪಾಸಾದ ವಸ್ತುಗಳ ಪಟ್ಟಿ ಇದೆ. ಮಾಡೆಲ್ ನಂಬರ್ ಹಾಕಿ ಹುಡುಕು. ಸಿಕ್ಕಿದರೆ ತಗೋ, ಇಲ್ಲದಿದ್ದರೆ ಮುಂದಿನದನ್ನು ನೋಡು. ಈಚೆಗೆ 25 ವಾಟ್‌ನ ಚೀ 2 ಕೂಡ ಬಂದಿದೆ. ನಿನ್ನ ಫೋನ್ ಅಷ್ಟನ್ನು ತೆಗೆದುಕೊಳ್ಳುವುದಿಲ್ಲ, ಅದಕ್ಕಾಗಿ ಸುಮ್ನೆ ಜಾಸ್ತಿ ಖರ್ಚು ಮಾಡಬೇಡ.

ನಿನ್ನ ಕವರ್ ಬಗ್ಗೆ ಒಂದು ಮಾತು. ಈಗಿರುವ ದಪ್ಪ ಕವರಿನಲ್ಲಿ ಮ್ಯಾಗ್ನೆಟ್ ಉಂಗುರ ಇಲ್ಲ. ಅದರ ಮೇಲೆ ಪ್ಯಾಕ್ ಇಟ್ಟರೆ ನಿಂತ ಹಾಗೆ ಕಾಣುತ್ತದೆ, ಜೇಬಿಗೆ ಹಾಕುವಾಗ ಜಾರುತ್ತದೆ. ಒಂದು ಮಿಲಿಮೀಟರ್ ದೂರವಾದರೂ ಹಿಡಿತ ಕಡಿಮೆಯಾಗುತ್ತದೆ, ಬಿಸಿ ಜಾಸ್ತಿಯಾಗುತ್ತದೆ. ಪ್ಯಾಕ್ ತಗೊಳ್ಳುವ ದಿನವೇ ಒಳಗೆ ಉಂಗುರ ಇರುವ ಕವರ್ ಕೂಡ ತಗೋ. ಬೆನ್ನಿಗೆ ಅಂಟಿಸಿರುವ ಆ ಬೆರಳು ತೂರಿಸುವ ರಿಂಗ್ ತೆಗೆದುಬಿಡು. ಕವರಿನ ಹಿಂದೆ ಕಾರ್ಡ್ ಸಿಕ್ಕಿಸುವ ಅಭ್ಯಾಸವನ್ನೂ ಬಿಡು. ಕಪ್ಪು ಪಟ್ಟಿಯಿರುವ ಕಾರ್ಡ್‌ಗಳನ್ನು, ಹೋಟೆಲ್ ರೂಮಿನ ಕೀ ಕಾರ್ಡ್‌ಗಳನ್ನು ಮ್ಯಾಗ್ನೆಟ್ ಹಾಳು ಮಾಡಬಲ್ಲದು. ಇನ್ನೊಂದು, ಪ್ಯಾಕಿನ ಅಂಚು ಕ್ಯಾಮೆರಾ ಉಬ್ಬಿಗೆ ತಾಗುತ್ತದಾ ಅಂತ ಇಟ್ಟು ನೋಡು. ದೊಡ್ಡ ಪ್ಯಾಕ್‌ಗಳಲ್ಲಿ ಈ ತೊಂದರೆ ಇರುತ್ತದೆ.

ತಮ್ಮನೂ ಇಂಥದ್ದೇ ಬೇಕು ಅಂತ ಕೂತಿದ್ದಾನೆ. ಮ್ಯಾಗ್ನೆಟ್ ಉಂಗುರದ ಸ್ಟಿಕರ್ ಅಂಟಿಸಿಕೊಂಡರೆ ತನ್ನ ಫೋನಿಗೂ ಆಗುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಅವನ ಫೋನಿನಲ್ಲಿ ವೈರ್‌ಲೆಸ್ ಚಾರ್ಜಿಂಗ್ ಸುರುಳಿಯೇ ಇಲ್ಲ. ಸ್ಟಿಕರ್ ಹಾಕಿದರೆ ಪ್ಯಾಕ್ ಅಂಟುತ್ತದೆ, ಅಷ್ಟೇ. ಒಂದು ಹನಿ ಕರೆಂಟ್ ಹೋಗುವುದಿಲ್ಲ. ನಾನು ಹೇಳಿದ್ದೇನೆ, ನೀನೂ ಒಂದು ಸಲ ಹೇಳು. ನಿನ್ನ ಮಾತು ಬೇಗ ಕೇಳುತ್ತಾನೆ. ಅವನಿಗೆ ಕೇಬಲ್‌ನ ಸಾದಾ ಪವರ್ ಬ್ಯಾಂಕೇ ಒಳ್ಳೆಯದು.

ಹಾಗೆ ನೋಡಿದರೆ ಶಕ್ತಿ ಕಡಿಮೆ ಪೋಲಾಗುವುದು ಕೇಬಲ್‌ನಲ್ಲೇ. ಕೂತು ಚಾರ್ಜ್ ಮಾಡಲು ಸಮಯ ಇದ್ದಾಗ ನೀನೂ ಕೇಬಲ್ ಹಾಕು. ಅದಕ್ಕೇ ನಿನ್ನ ಪ್ಯಾಕಿನಲ್ಲಿ ಟೈಪ್ ಸಿ ಕಿಂಡಿ ಇರಬೇಕು, ಅದು ಒಳಗೆ ಕರೆಂಟ್ ತಗೊಳ್ಳುವುದಲ್ಲದೆ ಹೊರಗೂ ಕೊಡಬೇಕು. ಕೆಲವು ಪ್ಯಾಕ್‌ಗಳ ಕಿಂಡಿ ಒಳಗೆ ತಗೊಳ್ಳುವುದಕ್ಕೆ ಮಾತ್ರ ಇರುತ್ತದೆ, ವಿವರ ಓದಿ ನೋಡಿಕೊ. ಗೇಣುದ್ದದ ಒಂದು ಕೇಬಲ್ ಬ್ಯಾಗಿನಲ್ಲಿರಲಿ. ನಿಂತಾಗ, ನಡೆಯುವಾಗ, ಮಾತಾಡುವಾಗ ಮ್ಯಾಗ್ನೆಟ್ ಬಳಸು. ತಂತಿ ಎಳೆದಾಡಿ ಫೋನಿನ ಕಿಂಡಿ ಸಡಿಲವಾಗುವುದು ತಪ್ಪುತ್ತದೆ. ಆನ್ ಆಫ್ ಬಟನ್ ಇರುವುದನ್ನೇ ನೋಡು. ಫೋನ್ ಸಾಕಷ್ಟು ತುಂಬಿದ ಮೇಲೆ ಪ್ಯಾಕನ್ನು ಬಿಡಿಸಿ ಇಡು. ಅಂಟಿಸಿಯೇ ಇಟ್ಟರೆ ಎರಡೂ ಬೆಚ್ಚಗೇ ಇದ್ದು ಪ್ಯಾಕ್ ಸುಮ್ನೆ ಖಾಲಿಯಾಗುತ್ತದೆ. ಸ್ಟ್ಯಾಂಡ್, ಬಣ್ಣದ ಸ್ಕ್ರೀನ್ ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಬಿಸಿಯ ಮಾತು ಬಂತಲ್ಲ, ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಈ ತೆಳು ಪ್ಯಾಕ್‌ಗಳ ಒಳಗಿರುವುದು ಸಾಮಾನ್ಯವಾಗಿ ಮೆತ್ತನೆಯ ಹಾಳೆಯ ಚೀಲದಲ್ಲಿ ತುಂಬಿದ ಲಿಥಿಯಂ ಬ್ಯಾಟರಿ. ಅದರ ಎರಡು ಧ್ರುವಗಳ ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ಪದರ ಇದೆ. ಬಿದ್ದು, ಒತ್ತಿ, ಅಥವಾ ತಯಾರಿಸುವಾಗಲೇ ಕೆಟ್ಟು ಆ ಪದರ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಬಿಸಿ ಬಿಸಿಯನ್ನು ಹುಟ್ಟಿಸುತ್ತಾ ಹೋಗಿ ಬೆಂಕಿ ಹತ್ತುತ್ತದೆ. ಹೆಸರಿರುವ ಕಂಪನಿಗಳಿಗೂ ಇದು ತಪ್ಪಿಲ್ಲ. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ಅಮೆರಿಕದಲ್ಲಿ ಒಂದೇ ಮಾಡೆಲ್‌ನ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ವಾಪಸ್ ಕರೆಸಿಕೊಂಡಿತು. ವಾಪಸ್ ಕರೆಸಿಕೊಳ್ಳುವವರ ಮೇಲೆ ನನಗೆ ನಂಬಿಕೆ ಜಾಸ್ತಿಯೇ. ಆದರೆ ಹೆಸರೇ ಇಲ್ಲದ ಡಬ್ಬಿಯನ್ನು ಯಾರು ಕರೆಸಿಕೊಳ್ಳುತ್ತಾರೆ ಹೇಳು? ಕೊಂಡ ಮೇಲೆ ಮಾಡೆಲ್ ನಂಬರ್ ಬರೆದಿಟ್ಟುಕೊ. ಆಗಾಗ ಕಂಪನಿಯ ಜಾಲತಾಣದಲ್ಲಿ ಒಮ್ಮೆ ನೋಡು.

ಚಾರ್ಜ್ ಆಗುತ್ತಿರುವ ಫೋನನ್ನು ದಿಂಬಿನ ಕೆಳಗೆ ಇಡಬೇಡ. ಬಿಸಿಲಿಗೆ ನಿಂತ ಕಾರಿನಲ್ಲಿ ಪ್ಯಾಕ್ ಬಿಟ್ಟು ಹೋಗಬೇಡ. ನಿನ್ನ ಮೇಜಿನ ಖಾನೆಯಲ್ಲಿ ಹಳೆಯ ಪವರ್ ಬ್ಯಾಂಕ್ ಉಬ್ಬಿಕೊಂಡಿದೆ ಅಂದಿದ್ದೆಯಲ್ಲ, ಅದನ್ನು ಈ ವಾರವೇ ಆಚೆ ಹಾಕು. ಚಾರ್ಜ್‌ಗೆ ಹಾಕಬೇಡ, ಒತ್ತಬೇಡ, ಚುಚ್ಚಬೇಡ. ಮನೆ ಕಸಕ್ಕೂ ಹಾಕಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡು.

ವಿಮಾನದಲ್ಲಿ ಹೋಗುವಾಗ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಮಾಡುವ ಪೆಟ್ಟಿಗೆಗೆ ಹಾಕುವ ಹಾಗಿಲ್ಲ. 100 ವಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. ನಿನ್ನದು 18.5, ಯೋಚನೆಯಿಲ್ಲ. ಆದರೆ ಆ ಸಂಖ್ಯೆ ಪ್ಯಾಕಿನ ಮೇಲೆ ಓದುವಂತೆ ಅಚ್ಚಾಗಿರಬೇಕು, ಅಳಿಸಿಹೋಗಿದ್ದರೆ ತಕರಾರು ಮಾಡುತ್ತಾರೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದವರೆಲ್ಲ ಜೀವ ಉಳಿಸಿಕೊಂಡು ಹೊರಗೆ ಬಂದರು. ಪವರ್ ಬ್ಯಾಂಕ್ ಕಾರಣವಾಗಿರಬಹುದು ಅಂತ ತನಿಖೆಯಲ್ಲಿ ಹೇಳಿದರು. ಅಲ್ಲಿಂದ ಆ ದೇಶದಲ್ಲಿ ಅದನ್ನು ತಲೆ ಮೇಲಿನ ಖಾನೆಯಲ್ಲಿ ಇಡಬಾರದು, ಕಣ್ಣೆದುರೇ ಇಟ್ಟುಕೊಳ್ಳಬೇಕು ಅಂತ ನಿಯಮ ಮಾಡಿದರು. ನಿಯಮ ಇಲ್ಲದ ಕಡೆಯೂ ನೀನು ಹಾಗೇ ಮಾಡು. ಬಿಸಿಯಾದರೆ ತಕ್ಷಣ ನಿನಗೇ ಗೊತ್ತಾಗುತ್ತದೆ.

ಕೊನೆಯದಾಗಿ ಅಜ್ಜಿಯ ವಿಷಯ. ಅವರಿಗೆ ಪೇಸ್‌ಮೇಕರ್ ಹಾಕಿದ ಮೇಲೆ ನಾನು ಇದನ್ನೆಲ್ಲ ಹುಡುಕಿ ಓದಿದ್ದು. ಇಂಥ ಮ್ಯಾಗ್ನೆಟ್ ಇರುವ ಫೋನನ್ನು ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್‌ಗಿಂತ ದೂರ ಇಡಬೇಕು, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರ್‌ಗಿಂತ ದೂರ, ಅಂತ ಆಪಲ್ ಹೇಳುತ್ತದೆ. ಸರಿಯಾದ ದೂರ ಎಷ್ಟು ಅಂತ ಅವರ ಡಾಕ್ಟರನ್ನೂ ಕೇಳಿ ಇಟ್ಟುಕೊಳ್ಳುತ್ತೇನೆ. ನೀನು ಬಂದ ಕೂಡಲೇ ಓಡಿಹೋಗಿ ಅವರನ್ನು ತಬ್ಬಿಕೊಳ್ಳುತ್ತೀಯ, ಪಕ್ಕದಲ್ಲೇ ಮಲಗಿ ಫೋನ್ ನೋಡುತ್ತೀಯ. ತಬ್ಬಿಕೊಳ್ಳುವುದನ್ನು, ಪಕ್ಕದಲ್ಲಿ ಮಲಗುವುದನ್ನು ಬಿಡಬೇಡ, ಫೋನ್ ಮಾತ್ರ ದೂರ ಇರಲಿ. ಒಳಗೆ ಬರುವಾಗ ಫೋನನ್ನೂ ಪ್ಯಾಕನ್ನೂ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟು ಆಮೇಲೆ ಅವರ ಹತ್ತಿರ ಹೋಗು.

ನಿನ್ನ
ಅಮ್ಮ